ಅಮ್ಮ ಹೋದ ಮೇಲೆ ಅವರ ಸೀರೆಗಳನ್ನು ಏನು ಮಾಡಿದಿರಿ?

ನೀವು ಕೇಳಿದ್ದು ಇಷ್ಟು. ಅಮ್ಮ ತೀರಿಕೊಂಡು ಎಂಟು ತಿಂಗಳಾಯಿತು, ಬೀರು ತುಂಬ ಅವರ ಸೀರೆಗಳಿವೆ, ನೆಂಟರು ಯಾರಿಗಾದರೂ ಕೊಟ್ಟುಬಿಡು ಅಂತಾರೆ, ನಿಮಗೆ ಬೀರುವಿನ ಬಾಗಿಲು ತೆಗೆಯೋಕೂ ಕೈ ಬರ್ತಿಲ್ಲ, ಏನು ಮಾಡಲಿ ಅಂತ. ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನಮ್ಮವ್ವ ಹೋಗಿ ಈಗ ಮೂರು ವರ್ಷ. ನಾವು ಏನು ಮಾಡಿದೆವು ಅಂತ ಹೇಳ್ತೀನಿ, ಅದರಲ್ಲಿ ನಿಮಗೆ ಹೊಂದುವುದನ್ನು ತೆಗೆದುಕೊಳ್ಳಿ.

ಅವಸರ ಬೇಡ. ಎಂಟು ತಿಂಗಳು ಏನೂ ಅಲ್ಲ. ಸೀರೆ ಎಲ್ಲೂ ಓಡಿ ಹೋಗಲ್ಲ.

ನಮ್ಮದು ಗದಗ ಜಿಲ್ಲೆ, ರೋಣದ ಕಡೆಯ ಒಂದು ಹಳ್ಳಿ. ಅವ್ವನ ಸೀರೆಗಳು ಬೀರುವಿನಲ್ಲಿ ಇರಲಿಲ್ಲ, ಒಂದು ಕಬ್ಬಿಣದ ಟ್ರಂಕಿನಲ್ಲಿದ್ದವು. ಮೇಲೆ ದಿನಾ ಉಡುವ ನೈಲಾನ್, ಪಾಲಿಯೆಸ್ಟರ್ ಸೀರೆಗಳು. ಕೆಳಗೆ ಹತ್ತಿಯವು, ಇಳಕಲ್ ಸೀರೆಗಳು. ತಳದಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಒಂದೇ ಒಂದು ಮೈಸೂರು ಸಿಲ್ಕ್, ಅಕ್ಕ ತನ್ನ ಮೊದಲ ಸಂಬಳದಲ್ಲಿ ಕೊಡಿಸಿದ್ದು. ಮೂಲೆಯಲ್ಲಿ ಒಂದು ಗಂಟು ಖಣಗಳು, ಅಂದರೆ ಕುಪ್ಪಸದ ಬಟ್ಟೆಯ ತುಂಡುಗಳು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲಿನ ಜೊತೆ ಖಣ ಇಡ್ತಾರೆ. ನಲವತ್ತು ವರ್ಷ ಮದುವೆ, ಸೀಮಂತ, ಜಾತ್ರೆ ಅಂತ ತಿರುಗಿದವಳ ಟ್ರಂಕಿನಲ್ಲಿ ಗುಳೇದಗುಡ್ಡ ಖಣಗಳು ಒಟ್ಟಿಕೊಳ್ಳದೆ ಇರುತ್ತವಾ? ಒಂದಕ್ಕೂ ಕತ್ತರಿ ಬಿದ್ದಿರಲಿಲ್ಲ.

ಆ ಟ್ರಂಕಿನಿಂದಲೇ ನನಗೂ ಅಕ್ಕನಿಗೂ ಮಾತು ಬಿಟ್ಟುಹೋಯಿತು. ಚಿಕ್ಕಿ ಪರಾಸ್ ಅಂಚಿನ ಒಂದು ಹಸಿರು ಇಳಕಲ್ ಸೀರೆ ಇತ್ತು, ಕೆಂಪು ರೇಷ್ಮೆ ಸೆರಗಿನದು. ಬನಶಂಕರಿ ಜಾತ್ರೆಗೆ ಅವ್ವ ಯಾವಾಗಲೂ ಅದನ್ನೇ ಉಡುತ್ತಿದ್ದಳು. ನನಗೂ ಅದೇ ಬೇಕಿತ್ತು, ಅವಳಿಗೂ ಅದೇ ಬೇಕಿತ್ತು. ದಿನದ ಕಾರ್ಯ ಮುಗಿದ ಮರುದಿನವೇ ಅದರ ಮಾತು ಬಂತು. ಆಸ್ಪತ್ರೆಯಲ್ಲಿ ಅವ್ವನ ಹತ್ತಿರ ನಾನಿದ್ದೆ ಅಂತ ನಾನಂದೆ, ಹಿರಿಯ ಮಗಳು ನಾನು ಅಂತ ಅವಳಂದಳು, ಆಮೇಲೆ ಇಬ್ಬರೂ ಆಡಬಾರದ್ದು ಆಡಿದೆವು. ಸುಮಾರು ಎರಡು ತಿಂಗಳು ಫೋನೂ ಇಲ್ಲ. ಈಗ ನೆನೆಸಿಕೊಂಡರೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಸೀರೆಗೋಸ್ಕರ ಜಗಳ ಆಡಲಿಲ್ಲ ನಾವು. ಅವ್ವ ನಿನಗೇ ಜಾಸ್ತಿ ಹತ್ತಿರ ಇದ್ದಳು ಅಂತ ಇಬ್ಬರಿಗೂ ಯಾರಾದರೂ ಹೇಳಬೇಕಿತ್ತು. ನಿಮಗೂ ಅಕ್ಕತಂಗಿಯರೋ ಅತ್ತಿಗೆಯೋ ಇದ್ದರೆ, ಹಂಚುವ ಮಾತನ್ನು ಅವಸರದಲ್ಲಿ ಎತ್ತಲೇಬೇಡಿ.

ಅಷ್ಟರಲ್ಲಿ ಪಂಚಮಿ ಬಂತು. ನಮ್ಮ ಕಡೆ ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಲೇಬೇಕು. ವರ್ಷ ತುಂಬದ ಮನೆ, ಹಬ್ಬ ಮಾಡುವಂತಿರಲಿಲ್ಲ. ಆದರೂ ಅಪ್ಪ ಇಬ್ಬರಿಗೂ ಫೋನ್ ಮಾಡಿ ಬರ್ರಿ ಅಂದರು. ಒಲೆ ಮೇಲೆ ಎಣ್ಣೆ ಇಡದ ಮನೆಗೆ ಪಕ್ಕದ ಮನೆ ಚಿಗವ್ವ ಡಬ್ಬಿ ತುಂಬ ಶೇಂಗಾ ಉಂಡಿ, ಅಳ್ಳಿಟ್ಟಿನ ಉಂಡಿ ತಂದಿಟ್ಟಳು. ಇವಳು ರಕ್ತಸಂಬಂಧದ ಚಿಗವ್ವ ಅಲ್ಲ, ಜಾತಿಯೂ ಬೇರೆ. ಅವ್ವ ಮದುವೆಯಾಗಿ ಬಂದ ವರ್ಷವೇ ಅವಳೂ ಆ ಓಣಿಗೆ ಸೊಸೆಯಾಗಿ ಬಂದವಳು. ಮಧ್ಯೆ ಒಂದು ಮೊಳದ ಗೋಡೆ, ಅದರ ಮೇಲೆ ಸಾರಿನ ಬಟ್ಟಲು ಆಚೆ ಈಚೆ ಹೋಗದ ದಿನ ನಾನು ಕಂಡಿಲ್ಲ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದೆವು. ಚಿಗವ್ವ ಏನೂ ಕೇಳಲಿಲ್ಲ. ಟ್ರಂಕ್ ಎಳೆದು ನಡುಮನೆಗೆ ತಂದಳು, ಚಾಪೆ ಹಾಸಿದಳು, ಒಂದೊಂದೇ ಸೀರೆ ಬಿಚ್ಚಿ ಹಾಸುತ್ತ ಹೋದಳು. ನಾನು ನಿಮಗೆ ಹೇಳಬೇಕು ಅಂತಿರೋದೇ ಆ ಮಧ್ಯಾಹ್ನದ ಬಗ್ಗೆ. ನಮಗೆ ಸೀರೆ ಗೊತ್ತಿತ್ತು, ಅದರ ಕಥೆ ಗೊತ್ತಿರಲಿಲ್ಲ. ಅವಳಿಗೆ ಎಲ್ಲಾ ಗೊತ್ತಿತ್ತು. ಇದು ಅಕ್ಕ ಹುಟ್ಟಿದಾಗ ಅಜ್ಜ ತಂದದ್ದು. ಇದನ್ನು ಅವ್ವ ಉಟ್ಟು ಒಂದೇ ಸಲ, ಬಣ್ಣ ಅವಳಿಗೆ ಸೇರಲಿಲ್ಲ, ಆದರೆ ಅತ್ತೆ ಕೊಟ್ಟದ್ದು ಅಂತ ಯಾರಿಗೂ ಹೇಳಲಿಲ್ಲ. ಈ ನೀಲಿ ಹತ್ತಿ ಸೀರೆಯ ಅಂಚಿನ ಹತ್ತಿರ ಹಳದಿ ಕಲೆ ನೋಡ್ರಿ, ಒಗ್ಗರಣೆ ಹಾಕಿ ಕೈ ಒರೆಸುವ ಜಾಗ ಅದು, ಯಾವಾಗಲೂ ಎಡಗಡೆ. ಬಗ್ಗಿ ನೋಡಿದೆ. ಬೆರಳು ಒರೆಸಿದ ಹಾಗೇ ಇತ್ತು, ಮೂರು ಮಸುಕು ಗೆರೆ.

ಹಸಿರು ಸೀರೆ ಕೈಗೆ ಬಂದಾಗ ಚಿಗವ್ವ ನಿಂತಳು. "ಇದಕ್ಕ ಮಾತ್ರ ಕತ್ತರಿ ಮುಟ್ಟಿಸಬ್ಯಾಡ್ರವಾ" ಅಂದಳು. ಅವಳೂ ಅವ್ವನೂ ಉಳ್ಳಾಗಡ್ಡಿ ಕೀಳುವ ಕೂಲಿಯ ದುಡ್ಡು ಕೂಡಿಸಿ, ಗಜೇಂದ್ರಗಡಕ್ಕೆ ಬಸ್ಸಿನಲ್ಲಿ ಹೋಗಿ, ನೇಕಾರರ ಮನೆಯಿಂದಲೇ ಜೋಡಿ ಸೀರೆ ತಂದಿದ್ದರಂತೆ. ಒಂದೇ ಮಗ್ಗದಿಂದ ಒಂದರ ಹಿಂದೆ ಒಂದು ಇಳಿದದ್ದು. ಉಗುರಿನಿಂದ ಒಂದು ಗೆರೆ ತೋರಿಸಿದಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ನಮ್ಮ ಈ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಸೇರಿಸಿ ಆಮೇಲೆ ನೇಯ್ತಾರೆ, ಅದಕ್ಕೇ ತೋಪು ತೆನೆ ಅನ್ನುವ ಈ ವಿನ್ಯಾಸದ ಸೆರಗು ಶುರುವಾಗುವಲ್ಲಿ ಮುಟ್ಟಿದರೆ ಬೆರಳಿಗೆ ಗೊತ್ತಾಗುತ್ತೆ. ಅವಳ ಸೀರೆ ಎಲ್ಲಿ ಅಂತ ಅಕ್ಕ ಕೇಳಿದಳು. ಮಗಳ ಬಾಣಂತನದಲ್ಲಿ ಬೇರೆ ಬಟ್ಟೆ ಇರಲಿಲ್ಲ, ಅದನ್ನೇ ಹರಿದು ಕೂಸಿಗೆ ಹಾಸಿದೆ ಅಂದಳು. ಅದನ್ನು ಕಂಡು ನಮ್ಮವ್ವ ಒಂದು ವಾರ ತನ್ನದನ್ನು ಉಡಲಿಲ್ಲವಂತೆ, ಒಬ್ಬಳೇ ಉಟ್ಟರೆ ಇವಳಿಗೆ ನೋವಾಗುತ್ತೆ ಅಂತ.

ಅಕ್ಕ ಒಂದು ಮಾತೂ ಆಡದೆ ಸೀರೆ ಮಡಚಿ ಚಿಗವ್ವನ ಉಡಿಗೆ ಹಾಕಿದಳು. ನನ್ನ ಕಡೆ ನೋಡಿದಳು. ನಾನು ಹೂಂ ಅಂದೆ. ಎರಡು ತಿಂಗಳಲ್ಲಿ ನಮ್ಮಿಬ್ಬರ ಮಧ್ಯೆ ಅದೇ ಮೊದಲ ಮಾತು.

ಉಳಿದ ಹತ್ತಿ ಸೀರೆಗಳಿಂದ ಕೌದಿ ಹೊಲಿಯೋಣ ಅಂತ ಚಿಗವ್ವನೇ ಹೇಳಿದಳು. ಉತ್ತರ ಕರ್ನಾಟಕದವರಿಗೆ ಕೌದಿ ಅಂದರೆ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ: ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಕೈಯಲ್ಲಿ ಸಾಲು ಹೊಲಿಗೆ ಹಾಕಿ ಮಾಡುವ ಹೊದಿಕೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯೂ ಇದೇ ಕುಲದ್ದು. ಅವರು ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಹೂ ಕೂಡಿಸ್ತಾರೆ, ಅದೊಂದು ನೋಡೋಕೇ ಚಂದ.

ನೀವೂ ಮಾಡಿಸೋದಾದರೆ ಕೆಲವು ವಿಷಯ ಗೊತ್ತಿರಲಿ. ಹತ್ತಿ ಮಾತ್ರ ಬಳಸಿ. ಪಾಲಿಯೆಸ್ಟರ್ ಜಾರುತ್ತೆ, ಹೊದ್ದರೆ ಮೈ ಬೆವರುತ್ತೆ. ಸೀರೆ ಹಳೆಯದಾದಷ್ಟೂ ಒಳ್ಳೆಯದು, ಹೊಸ ಬಟ್ಟೆಯ ಗಂಜಿಗೆ ಸೂಜಿ ಇಳಿಯಲ್ಲ. ಆರು ಗಜದ ಒಂದು ಸೀರೆಯನ್ನು ಮಧ್ಯಕ್ಕೆ ಎರಡು ಮಾಡಿ ಅಗಲಕ್ಕೆ ಕೂಡಿಸಿದರೆ ಸುಮಾರು ಒಂಬತ್ತು ಅಡಿ ಉದ್ದ, ಏಳೂವರೆ ಅಡಿ ಅಗಲ ಬರುತ್ತೆ. ಇಬ್ಬರು ಮಲಗುವ ಮಂಚಕ್ಕೆ ಒಂದು ಪದರ ಆಯಿತು. ನಾವು ತಳಕ್ಕೆ ಒಂದು ಸೀರೆ, ನಡುವೆ ಒಂದು ಸೀರೆ ಮತ್ತು ಅಪ್ಪನ ಹಳೆಯ ಎರಡು ಧೋತರ, ಮೇಲೆ ತುಂಡುಗಳು ಹಾಕಿದೆವು. ತುಂಡುಗಳಿಗೆ ಅವ್ವನ ಖಣಗಳೂ ಸೇರಿದವು, ಮೂರು ಮೂಲೆಯಾಗಿ ಕತ್ತರಿಸಿ. ಕೆಂಪು ಬಟ್ಟೆಯನ್ನು ಮೊದಲು ಬೇರೆ ತಣ್ಣೀರಲ್ಲಿ ನೆನೆಸಿ ಬಣ್ಣ ಬಿಡುತ್ತಾ ನೋಡಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಇಡೀ ಕೌದಿ ಗುಲಾಬಿ ಆಗುತ್ತೆ. ಹೊಲಿಗೆ ಸಾಲುಗಳ ನಡುವೆ ಒಂದೂವರೆ ಬೆರಳು, ಅದಕ್ಕಿಂತ ದೂರ ಬೇಡ, ಒಳಗಿನ ಪದರ ಮುದ್ದೆಯಾಗುತ್ತೆ. ಚಿಗವ್ವ, ಅವಳ ಸೊಸೆ, ರಜೆ ಸಿಕ್ಕಾಗ ನಾವಿಬ್ಬರು ಸೇರಿ ದಸರಾ ಹೊತ್ತಿಗೆ ಮುಗಿಸಿದೆವು. ನಾನು ಹಾಕಿದ ಸಾಲು ಯಾವುದು ಅಂತ ಈಗಲೂ ಗೊತ್ತಾಗುತ್ತೆ, ಸೊಟ್ಟ ಇದೆ.

ಹೊಲಿಯುವ ಮೊದಲು ಬಟ್ಟೆ ಒಗೆಯಲೇಬೇಕು, ಇಲ್ಲದಿದ್ದರೆ ಹುಳ ಬೀಳುತ್ತೆ. ನನಗೆ ಅತಿ ಕಷ್ಟ ಆದದ್ದು ಅದೇ. ಒಗೆದರೆ ಅವ್ವನ ವಾಸನೆ ಹೋಗುತ್ತೆ. ಕೊಬ್ಬರಿ ಎಣ್ಣೆ, ಅಡಿಕೆ, ಒಲೆ ಹೊಗೆ, ಎಲ್ಲಾ ಸೇರಿದ ವಾಸನೆ. ನಾನು ಆ ನೀಲಿ ಸೀರೆಯನ್ನು ಒಗೆಯೋಕೆ ಕೊಡಲಿಲ್ಲ. ಹಾಗೇ ಒಂದು ಹತ್ತಿ ಚೀಲದಲ್ಲಿ ಹಾಕಿಟ್ಟಿದ್ದೀನಿ. ವಾಸನೆ ಈಗ ಬಹಳ ಕಡಿಮೆಯಾಗಿದೆ, ಆದರೂ ಇದೆ. ಒಂದು ಸೀರೆಯಾದರೂ ಒಗೆಯದೆ ಇಟ್ಟುಕೊಳ್ಳಿ, ಯಾರು ಏನೇ ಅನ್ನಲಿ.

ಕೊನೆಯ ಮೂಲೆ ಮುಚ್ಚುವ ಮುಂಚೆ ಚಿಗವ್ವ ಒಳಗೆ ಒಂದು ಚೂರು ಒಣಗಿದ ಕಟಕ ರೊಟ್ಟಿ ಇಟ್ಟು ಹೊಲಿದಳು. ಕೌದಿ ಹಸಿದುಕೊಂಡು ಇರಬಾರದಂತೆ.

ರೇಷ್ಮೆ ಸೀರೆ ಇದ್ದರೆ ಅದಕ್ಕೆ ಬೇರೆ ಕಾಳಜಿ ಬೇಕು. 1912ರಲ್ಲಿ ಮೈಸೂರಿನಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆಯ ಸೀರೆಯಾದರೆ ಅದರ ಜರಿ ಬೆಳ್ಳಿ ಎಳೆಗೆ ಚಿನ್ನದ ಲೇಪ ಹಾಕಿದ್ದು. ಬೆಳ್ಳಿ ಗಾಳಿಗೆ, ತೇವಕ್ಕೆ ಕಪ್ಪಾಗುತ್ತೆ. ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ನುಸಿ ಗುಳಿಗೆ ಜರಿಗೆ ತಾಗಬಾರದು. ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಚಿದ್ದರೆ ಸೀರೆ ಅಲ್ಲೇ ಸೀಳುತ್ತೆ. ಹಳೆ ಜರಿ ಸೀರೆ ಕೊಳ್ತೀವಿ ಅಂತ ಬೀದಿಯಲ್ಲಿ ಬರುವವರಿಗೆ ದುಃಖದ ಹೊತ್ತಿನಲ್ಲಿ ಕೊಡಬೇಡಿ. ಅವರಿಗೆ ಬೇಕಾಗಿರೋದು ಬೆಳ್ಳಿ, ಸೀರೆಯನ್ನು ಸುಟ್ಟು ಅದನ್ನು ತೆಗೀತಾರೆ.

ದಾನದ ಮಾತಿಗೆ ಬಂದರೆ, ದಿನಾ ಉಡುವ ಸೀರೆಗಳನ್ನು ನಾವೂ ಕೊಟ್ಟೆವು. ಅವ್ವನ ಜೊತೆ ಹೊಲಕ್ಕೆ ಬರುತ್ತಿದ್ದವರಿಗೆ, ಮನೆಗೆ ಕರೆದು, ಚಹಾ ಕೊಟ್ಟು. ಮೊದಲು ಕೇಳಿದೆವು, ಯಾಕೆಂದರೆ ತೀರಿಕೊಂಡವರ ಬಟ್ಟೆ ಕೆಲವರು ಉಡಲ್ಲ. ಒಬ್ಬಳು ಬೇಡ ಅಂದಳು, ಉಳಿದವರು ತೆಗೆದುಕೊಂಡರು. ಈಗ ಊರಿಗೆ ಹೋದಾಗ ಅವ್ವನ ಸೀರೆ ಹೊಲದಲ್ಲಿ, ಬಸ್ ಸ್ಟಾಂಡಿನಲ್ಲಿ ಕಾಣುತ್ತೆ. ಮೊದಲ ಸಲ ಎದೆ ಧಸಕ್ಕೆಂದಿತು. ಈಗ ಕಣ್ಣೇ ಹುಡುಕುತ್ತೆ.

ವರ್ಷದ ಕಾರ್ಯದ ದಿನ ಚಿಗವ್ವ ಆ ಹಸಿರು ಸೀರೆ ಉಟ್ಟು ಬಂದಳು. ಬೇಡ ಬೇಡ, ಈ ವಯಸ್ಸಿನಾಗ ನನಗ್ಯಾಕ ಅಂತ ಎಷ್ಟೋ ದಿನ ಅಂದವಳು. ಅಪ್ಪ ಪಡಸಾಲೆಯಲ್ಲಿ ಕೂತಿದ್ದರು. ಬಾಗಿಲಲ್ಲಿ ಸೆರಗು ಕಂಡಿತು. ಅವರು ಎದ್ದು ನಿಂತರು, ಒಂದು ಕ್ಷಣ ಹಾಗೇ ನಿಂತರು. ಆಮೇಲೆ "ಬಾ ತಂಗಿ, ಕೂಡು" ಅಂದು ತಮ್ಮ ಕುರ್ಚಿ ಬಿಟ್ಟುಕೊಟ್ಟರು.

ಕೌದಿ ಆರು ತಿಂಗಳು ಅಕ್ಕನ ಹತ್ತಿರ ಹುಬ್ಬಳ್ಳಿಯಲ್ಲಿ, ಆರು ತಿಂಗಳು ನನ್ನ ಹತ್ತಿರ ಬೆಂಗಳೂರಿನಲ್ಲಿ ಇರುತ್ತೆ. ಇಲ್ಲಿ ವಾಷಿಂಗ್ ಮಷಿನ್‌ಗೆ ಹಿಡಿಸಲ್ಲ, ನೆನೆದರೆ ಒಬ್ಬಳಿಗೆ ಎತ್ತೋಕೆ ಆಗಲ್ಲ. ಅದಕ್ಕೇ ಪ್ರತಿ ಸಲ ಊರಿಗೇ ಒಯ್ದು, ಮಲಪ್ರಭೆಯ ಕಾಲುವೆಯಲ್ಲಿ ನಾನೂ ಅಕ್ಕನೂ ಎರಡು ತುದಿ ಹಿಡಿದು ಹಿಂಡ್ತೀವಿ.

ನಿಮ್ಮ ಅಮ್ಮನಿಗೂ ಇಂಥ ಗೆಳತಿ ಒಬ್ಬರು ಇದ್ದೇ ಇರ್ತಾರೆ. ಪಕ್ಕದ ಮನೆಯವರೋ, ಜೊತೆಗೆ ಕೆಲಸ ಮಾಡಿದವರೋ, ದೇವಸ್ಥಾನಕ್ಕೆ ಜೊತೆಯಾಗುತ್ತಿದ್ದವರೋ. ಅವರಿಗೂ ವಯಸ್ಸಾಗಿರುತ್ತೆ. ಈ ವಾರವೇ ಫೋನ್ ಮಾಡಿ ಮನೆಗೆ ಕರೆಯಿರಿ. ಬೀರುವನ್ನು ಅವರ ಕೈಯಲ್ಲೇ ತೆಗೆಸಿ. ಹಗಲು ಹೊತ್ತಿನಲ್ಲಿ ಕರೆಯಿರಿ, ಟ್ಯೂಬ್‌ಲೈಟಿನಲ್ಲಿ ಸೀರೆಯ ಬಣ್ಣ ಸರಿಯಾಗಿ ಕಾಣಲ್ಲ.