ಪ್ರತಿ: ಫರ್ನೇಸ್ ಇಲ್ಲದೆ ಹೀಟ್ ಟ್ರೀಟ್‌ಮೆಂಟ್ ಕಲಿಸುವುದು

ನಮಸ್ಕಾರ. ಫರ್ನೇಸ್ ಇಲ್ಲದ ಪಾಲಿಟೆಕ್ನಿಕ್‌ನಲ್ಲಿ ಹೊಸ ಉಪನ್ಯಾಸಕರಿಗೆ ಹೀಟ್ ಟ್ರೀಟ್‌ಮೆಂಟ್ (ಲೋಹವನ್ನು ಕಾಯಿಸಿ, ತಣಿಸಿ ಅದರ ಗುಣ ಬದಲಿಸುವುದು) ಹೇಗೆ ಹೇಳಿಕೊಡಲಿ ಅಂತ ಕೇಳಿದ್ದೀರಿ. ಪಿಪಿಟಿ ಬದಿಗಿಡಿ, ಹೊಲಿಗೆ ಸೂಜಿಯಿಂದ ಶುರು ಮಾಡಿ.

ದಪ್ಪ ಸೂಜಿಗಳನ್ನು ಬ್ಲೋ ಟಾರ್ಚ್‌ನಲ್ಲಿ ಕೆಂಪಗೆ ಕಾಯಿಸಿ. ಒಂದನ್ನು ತಕ್ಷಣ ನೀರಿಗೆ ಹಾಕಿ, ಇನ್ನೊಂದನ್ನು ಜ್ವಾಲೆಯಿಂದ ಮೆಲ್ಲಗೆ ಮೇಲೆತ್ತುತ್ತಾ ಆರಿಸಿ. ಇಕ್ಕಳದಲ್ಲಿ ಬಗ್ಗಿಸಿದರೆ ಮೊದಲನೆಯದು ಟಪ್ ಅಂತ ಮುರಿಯುತ್ತೆ, ಎರಡನೆಯದು ಸಲೀಸಾಗಿ ಬಾಗುತ್ತೆ. ನೀರಿಗೆ ಹಾಕಿದ ಮತ್ತೊಂದನ್ನು ಉಜ್ಜಿ ಹೊಳಪು ಬರಿಸಿ, ನೀಲಿ ಬಣ್ಣ ಕಾಣುವವರೆಗೆ, ಅಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ, ಹದವಾಗಿ ಕಾಯಿಸಿ. ಅದು ಬಾಗಿ ಮತ್ತೆ ನೆಟ್ಟಗಾಗುತ್ತೆ. ಮೈಲ್ಡ್ ಸ್ಟೀಲ್ (ಕಾರ್ಬನ್ ಕಡಿಮೆ ಇರುವ ಉಕ್ಕು) ತಂತಿಗೂ ಇದನ್ನೇ ಮಾಡಿಸಿ. ಅದು ಯಾಕೆ ಅಷ್ಟು ಗಟ್ಟಿಯಾಗಲಿಲ್ಲ ಅಂತ ಅವರೇ ಕೇಳುತ್ತಾರೆ, ಆಗ ಕಾರ್ಬನ್ ಪ್ರಮಾಣದ ಮಾತು ತೆಗೆಯಿರಿ. ಮಾರ್ಟೆನ್ಸೈಟ್ (ತಟ್ಟನೆ ತಣಿಸಿದಾಗ ಆಗುವ ಗಟ್ಟಿ ಒಳರಚನೆ), ಪರ್ಲೈಟ್ (ಮೆಲ್ಲಗೆ ಆರಿದಾಗ ಆಗುವ ಮೆದು ಒಳರಚನೆ), ಕಾಯಿಸಿದ ಉಕ್ಕಿನ ಒಳರಚನೆ ಬದಲಾಗತೊಡಗುವ 727 ಡಿಗ್ರಿಯ ಗೆರೆ ಎಲ್ಲ ಆಮೇಲೆ ಬೋರ್ಡ್ ಮೇಲೆ ಬರಲಿ. ಪ್ರತಿಯೊಬ್ಬರೂ ಸ್ವತಃ ಮಾಡಲೇಬೇಕು, ನೋಡಿದರೆ ಸಾಲದು. ಕಣ್ಣಿಗೆ ಸುರಕ್ಷತಾ ಕನ್ನಡಕ ಕಡ್ಡಾಯ.

ಬೆಂಗಳೂರಲ್ಲೇ ಇದ್ದೀರಿ, ಅದು ದೊಡ್ಡ ಅನುಕೂಲ. ತುಮಕೂರು ರಸ್ತೆಯ ಸಿಎಂಟಿಐ (ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ), ರಾಜಾಜಿನಗರದ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಎರಡೂ ತರಬೇತಿ ಕೊಡುತ್ತವೆ, ವಿಚಾರಿಸಿ. ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಘಟಕಗಳಿಗೆ ಪ್ರಾಂಶುಪಾಲರ ಪತ್ರ ಹಿಡಿದು ಹೋಗಿ, ರಿಜೆಕ್ಟ್ ಆದ ತುಂಡುಗಳನ್ನು ಕೇಳಿ. ಕ್ವೆಂಚಿಂಗ್‌ನಲ್ಲಿ (ಕಾದದ್ದನ್ನು ತಟ್ಟನೆ ತಣಿಸುವಾಗ) ಬಿರುಕು ಬಿಟ್ಟ ಗೇರ್ ಸಿಕ್ಕರೆ ಬಿಡಬೇಡಿ.