ವ್ಯಂಗ್ಯಚಿತ್ರ ಬಿಡಿಸುವವರಿಗೆ ಪತ್ತೇದಾರಿ ಕಾದಂಬರಿ, ಊರಿನ ಇತಿಹಾಸ ಇವೆಲ್ಲ ಯಾಕೆ ಬೇಕು?

ನಾನು ಹಾವೇರಿಯವನು, ಪತ್ರಿಕೆಗೆ ಪಾಕೆಟ್ ಕಾರ್ಟೂನ್ ಬಿಡಿಸುತ್ತೇನೆ. ನನ್ನ ಮಟ್ಟಿಗೆ ಎರಡೂ ಬೇಕು. ಇತಿಹಾಸ ಸ್ವಲ್ಪ ಜಾಸ್ತಿಯೇ ಬೇಕು.

ಪತ್ತೇದಾರಿ ಕಾದಂಬರಿ ಸುಳಿವು ಇಡುವುದನ್ನು ಕಲಿಸುತ್ತದೆ. ಒಳ್ಳೆಯ ಲೇಖಕರು ಅದನ್ನು ಓದುಗರ ಕಣ್ಣೆದುರೇ ಇಟ್ಟಿರುತ್ತಾರೆ. ಪಾಕೆಟ್ ಕಾರ್ಟೂನಿಗೆ ಸಿಗುವುದು ಒಂದೇ ಕಾಲಂ ಜಾಗ. ಮೂಲೆಯಲ್ಲೊಂದು ಖಾಲಿ ಕೊಡ ಇರುತ್ತದೆ. ಅಡಿಬರಹ ಓದಿದ ಮೇಲೆ ಕಣ್ಣು ಮತ್ತೆ ಅಲ್ಲಿಗೆ ಹೋಗಬೇಕು. ಆಗಲೇ ನಗು ಬರುವುದು.

ಇನ್ನು ಇತಿಹಾಸ. ನಮ್ಮ ಜಿಲ್ಲೆಯಲ್ಲಿ ವೀರಗಲ್ಲುಗಳು ಬೇಕಾದಷ್ಟಿವೆ. ಸುಮ್ನೆ ಒಂದರ ಮುಂದೆ ಕೂತು ನೋಡಿ. ಕಥೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ. ದನ ಉಳಿಸಲು ಹೋಗಿ ಸತ್ತವನಾದರೆ ಅಲ್ಲೇ ದನಗಳನ್ನೂ ಕೆತ್ತಿರುತ್ತಾರೆ. ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಾರೆ. ತುದಿಯಲ್ಲಿ ಹೆಚ್ಚಾಗಿ ಶಿವಲಿಂಗ, ಸೂರ್ಯ, ಚಂದ್ರ. ಅಕ್ಷರ ಬಾರದವರಿಗೂ ಅರ್ಥವಾಗುತ್ತದೆ, ಅಲ್ವಾ? ಮೂರು ಪಟ್ಟಿಯಲ್ಲಿ ಒಬ್ಬನ ಸಾವನ್ನೂ ಊರಿನ ಕೃತಜ್ಞತೆಯನ್ನೂ ಹೇಳಿದ ಆ ಶಿಲ್ಪಿಗಳೇ ನನಗೆ ಗುರುಗಳು.

ಪತ್ತೇದಾರಿ ಬುದ್ಧಿಗೂ ಇಲ್ಲಿ ಕೆಲಸವಿದೆ. ಹಾವೇರಿಯ ಸಿದ್ಧೇಶ್ವರ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಅದು ಕಲ್ಯಾಣ ಚಾಲುಕ್ಯರ ಕಾಲದ್ದು, ಆ ಕಾಲದ ಹೆಚ್ಚಿನ ಗುಡಿಗಳು ಪೂರ್ವಕ್ಕೆ. ಯಾಕೆ ಹೀಗೆ ಎಂದು ಕೇಳುವ ಅಭ್ಯಾಸ ಬಂದರೆ, ನಾಳೆ ಸುದ್ದಿ ಓದುವಾಗಲೂ ಅದೇ ಪ್ರಶ್ನೆ ಏಳುತ್ತದೆ.

ಹೊಸಬರಾದರೆ ಗದಗ ಹತ್ತಿರದ ಲಕ್ಕುಂಡಿಯಿಂದ ಶುರು ಮಾಡಿ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆಯನ್ನು ಪೆನ್ಸಿಲಿನಲ್ಲಿ ಬಿಡಿಸಿ. ಫೋಟೊ ಆಮೇಲೆ ತೆಗೆದರಾಯಿತು.