ಡಾಕ್ಟರು ಹಲವರು, ಹಾಳೆ ಒಂದೇ ಇರಲಿ

ಪ್ರಶ್ನೆ: ತಂದೆಗೆ 72 ವರ್ಷ, ಪಾರ್ಕಿನ್ಸನ್ ಕಾಯಿಲೆಯಿದೆ. ನರರೋಗ ತಜ್ಞರು, ಹೃದಯದ ಡಾಕ್ಟರು, ಪ್ರಾಸ್ಟೇಟ್‌ಗೆ ಇನ್ನೊಬ್ಬರು, ಹೀಗೆ ಮೂವರೂ ಬೇರೆಬೇರೆ ಮಾತ್ರೆ ಬರೆದಿದ್ದಾರೆ. ಈಚೆಗೆ ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ಎರಡು ಸಲ ಬಿದ್ದಿದ್ದಾರೆ. ಯಾರನ್ನು ಕೇಳಬೇಕು?

ಉತ್ತರ: ಮೂವರೂ ಬರೆದದ್ದು ಅವರವರ ಮಟ್ಟಿಗೆ ಸರಿಯೇ ಇರಬಹುದು, ತೊಂದರೆ ಬರುವುದು ಎಲ್ಲವೂ ಒಂದೇ ಮೈಯಲ್ಲಿ ಸೇರಿದಾಗ. ನಿಂತಾಗಿನ ಬಿಪಿಯನ್ನು ಪಾರ್ಕಿನ್ಸನ್ ಕಾಯಿಲೆಯೇ ಇಳಿಸಬಲ್ಲದು, ಅದಕ್ಕೆ ಕೊಡುವ ಮುಖ್ಯ ಮಾತ್ರೆ ಲೆವೊಡೋಪಾವೂ ಇಳಿಸಬಲ್ಲದು. ಅದರ ಮೇಲೆ ಬಿಪಿ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್‌ನಂಥದ್ದು ಸೇರಿದರೆ ಇಳಿತ ಇನ್ನೂ ಹೆಚ್ಚುತ್ತದೆ.

ಕುಳಿತಾಗ ಮಾತ್ರ ಬಿಪಿ ನೋಡಿದರೆ ಇದು ಗೊತ್ತಾಗುವುದಿಲ್ಲ. 5 ನಿಮಿಷ ಮಲಗಿಸಿ ಒಮ್ಮೆ ನೋಡಿ. ಆಮೇಲೆ ನಿಲ್ಲಿಸಿ, 1 ನಿಮಿಷವಾದಾಗ ಒಮ್ಮೆ, 3 ನಿಮಿಷವಾದಾಗ ಇನ್ನೊಮ್ಮೆ ನೋಡಿ. ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡೇ ಇರಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಆ ಅಂಕಿಗಳನ್ನು, ಮಾತ್ರೆ ಕೊಟ್ಟ ಹೊತ್ತನ್ನೂ ಸೇರಿಸಿ ಬರೆದುಕೊಂಡು ಅಂದೇ ನರರೋಗ ತಜ್ಞರಿಗೆ ತಿಳಿಸಿ. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ರಕ್ತ ತೆಳುವಾಗಿಸುವ ಔಷಧಿ ನಡೆಯುತ್ತಿದ್ದು ಬಿದ್ದಾಗ ತಲೆಗೆ ಪೆಟ್ಟಾಗಿದ್ದರೆ, ಗಾಯ ಕಾಣದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇನ್ನು ಹಾಳೆಯ ವಿಷಯ. ಒಂದೇ ಪುಟ, ಮೇಲೆ ತಾರೀಖು. ಪ್ರತಿ ಮಾತ್ರೆಗೂ ಮೂಲ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾತಕ್ಕೆ, ಬರೆದವರು ಯಾರು ಎಂಬುದಿರಲಿ. ಕಂಪನಿ ಇಟ್ಟ ಹೆಸರನ್ನಷ್ಟೇ ಬರೆದರೆ ಒಂದೇ ಔಷಧಿ ಎರಡು ಹೆಸರಿನಲ್ಲಿ ಎರಡು ಸಲ ಹೊಟ್ಟೆಗೆ ಹೋಗಬಹುದು. ‘ದಿನಕ್ಕೆ ನಾಲ್ಕು’ ಎಂದು ಬರೆದರೆ ಸಾಲದು, ‘7, 11, 3, 7 ಗಂಟೆ’ ಎಂದೇ ಇರಲಿ. ನಿಲ್ಲಿಸಿದ ಮಾತ್ರೆಗಳನ್ನು ಕಾರಣದ ಸಮೇತ ಕೆಳಗೆ ಬರೆಯಿರಿ, ಇಲ್ಲವಾದರೆ ಬೇರೆ ಡಾಕ್ಟರು ಅದನ್ನೇ ಮತ್ತೆ ಶುರುಮಾಡಬಹುದು. ‘ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ನೋಡುವವರು ನಿಮ್ಮಲ್ಲಿ ಯಾರು?’ ಎಂದು ಮೂವರನ್ನೂ ನೇರವಾಗಿ ಕೇಳಿ, ಒಪ್ಪಿಕೊಂಡವರ ಹೆಸರನ್ನು ಅದೇ ಹಾಳೆಯ ತಲೆಯ ಮೇಲೆ ಬರೆದಿಡಿ.

ಪ್ರಶ್ನೆ: ಪಾರ್ಕಿನ್ಸನ್ ಇರುವ ಅಮ್ಮನಿಗೆ ಸೊಂಟದ ಆಪರೇಷನ್ ಆಗಬೇಕಿದೆ. ಮೂಳೆ ಡಾಕ್ಟರಿಗೆ ಏನೇನು ಹೇಳಬೇಕು?

ಉತ್ತರ: ಮೊದಲು ಹೇಳಬೇಕಾದ್ದು ಲೆವೊಡೋಪಾದ ಹೊತ್ತು. ವಾರ್ಡಿನಲ್ಲಿ ಮಾತ್ರೆ ಹಂಚುವ ವೇಳೆ ಅಮ್ಮನ ವೇಳೆಗೆ ಹೊಂದುವುದು ಅಪರೂಪ. ಒಂದು ಸಲ ತಪ್ಪಿದರೂ ಮೈ ಮರದಂತೆ ಸೆಟೆದುಕೊಳ್ಳಬಹುದು, ನುಂಗಲು ಕಷ್ಟವಾಗಬಹುದು. ನುಂಗಿದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಮಾತ್ರೆ ಪೂರ್ತಿ ನಿಂತುಹೋದರೆ ವಿಪರೀತ ಜ್ವರ, ಬಿಗಿತ, ಗೊಂದಲ ಕಾಣಿಸಿಕೊಂಡು ಜೀವಕ್ಕೇ ಅಪಾಯವಾದೀತು.

ಖಾಲಿ ಹೊಟ್ಟೆಯಲ್ಲಿರಲು ಹೇಳಿದ ದಿನವೂ ಮಾತ್ರೆಯನ್ನು ಒಂದು ಗುಟುಕು ನೀರಿನೊಂದಿಗೆ ಯಾವ ಹೊತ್ತಿನವರೆಗೆ ಕೊಡಬಹುದೆಂದು ಅರಿವಳಿಕೆ ತಜ್ಞರನ್ನು ಮುಂಚಿತವಾಗಿ ಕೇಳಿ. ಎಚ್ಚರವಾದ ಮೇಲೆ ನುಂಗಲಾಗದಿದ್ದರೆ ಮೂಗಿನ ನಳಿಕೆಯಲ್ಲಿ ಕೊಡುವ ಏರ್ಪಾಡು ಆಗಿರಲಿ. ನಿಧಾನವಾಗಿ ಕರಗುವ ಬಗೆಯ ಮಾತ್ರೆಯನ್ನು ಪುಡಿಮಾಡಬಾರದು, ಅದಕ್ಕೆ ಬದಲಿಯನ್ನು ನರರೋಗ ತಜ್ಞರೇ ಬರೆದುಕೊಡಬೇಕು. ಕಬ್ಬಿಣದ ಮಾತ್ರೆ ಶುರುವಾದರೆ ಲೆವೊಡೋಪಾಗೂ ಅದಕ್ಕೂ 2 ಗಂಟೆಯಾದರೂ ಅಂತರವಿರಲಿ.

ಎರಡನೆಯದು ವಾಂತಿ ಮತ್ತು ಗೊಂದಲದ ಔಷಧಿ. ಮೆಟೊಕ್ಲೋಪ್ರಮೈಡ್, ಪ್ರೋಕ್ಲೋರ್‌ಪೆರಜಿನ್, ಹ್ಯಾಲೊಪೆರಿಡಾಲ್ ಮೂರೂ ಮೆದುಳಿನಲ್ಲಿ ಡೋಪಮಿನ್ ಎಂಬ, ಚಲನೆಗೆ ಬೇಕಾದ ರಾಸಾಯನಿಕದ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಅಮ್ಮನಿಗೆ ಕೊರತೆಯಿರುವುದೇ ಡೋಪಮಿನ್. ಈ ಹೆಸರುಗಳನ್ನು ‘ಕೊಡಬೇಡಿ’ ಎಂದು ಹಾಳೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದು ಒಂದು ಪ್ರತಿಯನ್ನು ಮಂಚದ ತಲೆದೆಸೆಗೆ ಅಂಟಿಸಿ. ರಾತ್ರಿ ಪಾಳಿಯ ನರ್ಸ್ ಕೇಸ್ ಶೀಟ್ ತಿರುವಿ ನೋಡುವಷ್ಟು ಬಿಡುವಿಲ್ಲದಿದ್ದರೂ ಅದು ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ತಂಗಿ ಫಿಟ್ಸ್‌ಗೆ ಕಾರ್ಬಮಜೆಪಿನ್ ತಗೊಳ್ತಾಳೆ. ಕೆಮ್ಮಿಗೆಂದು ಬೇರೆ ಡಾಕ್ಟರು ಕ್ಲಾರಿಥ್ರೊಮೈಸಿನ್ ಕೊಟ್ಟರು. ಈಗ ತಲೆಸುತ್ತು, ಒಂದು ವಸ್ತು ಎರಡಾಗಿ ಕಾಣುತ್ತಿದೆ.

ಉತ್ತರ: ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಕಾರ್ಬಮಜೆಪಿನ್ ಯಕೃತ್ತಿನಲ್ಲಿ ಕರಗಿ ಹೋಗುವುದನ್ನು ಈ ಆ್ಯಂಟಿಬಯಾಟಿಕ್ ತಡೆಯುತ್ತದೆ. ನುಂಗುವುದು ಅಷ್ಟೇ ಆದರೂ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ, ನೀವು ಹೇಳಿದ ಲಕ್ಷಣಗಳು ಅದಕ್ಕೆ ಹೊಂದುತ್ತವೆ. ಫಿಟ್ಸ್ ಮಾತ್ರೆಯನ್ನು ಮಾತ್ರ ಹಠಾತ್ತನೆ ನಿಲ್ಲಿಸಬೇಡಿ. ಇದರ ತಿರುವುಮುರುವೂ ಉಂಟು: ಫಿಟ್ಸ್‌ಗೆ ವಾಲ್ಪ್ರೋಯೇಟ್ ತಗೊಳ್ಳುವವರಿಗೆ ಮೆರೊಪೆನೆಮ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರೆ ವಾಲ್ಪ್ರೋಯೇಟ್ ಪ್ರಮಾಣ ಬೇಗನೆ ಕುಸಿದು ಫಿಟ್ಸ್ ಮರುಕಳಿಸಬಹುದು. ನೋವಿಗೆ ಕೊಡುವ ಟ್ರಮಡಾಲ್ ಕೂಡ ಫಿಟ್ಸ್ ಎಬ್ಬಿಸಬಲ್ಲದು. ಫಿಟ್ಸ್ 5 ನಿಮಿಷ ದಾಟಿದರೆ ಕಾಯದೆ ಆಂಬ್ಯುಲೆನ್ಸ್ ಕರೆಯಿರಿ.

ಪ್ರಶ್ನೆ: ಡಾಕ್ಟರ ಎದುರು ಹೋದಾಗ ಅಪ್ಪ ಚೆನ್ನಾಗಿಯೇ ನಡೆಯುತ್ತಾರೆ. ಮನೆಯ ಪಾಡು ಹೇಗೆ ತೋರಿಸುವುದು?

ಉತ್ತರ: ಅಪ್ಪನನ್ನು ಕೇಳಿಕೊಂಡು ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ಮಾಡಿ: ಕುರ್ಚಿಯಿಂದ ಏಳುವುದು, ನಾಲ್ಕು ಹೆಜ್ಜೆ, ತಿರುಗುವುದು. ಪಾದಗಳು ಕಾಣುವಂತಿರಲಿ. ಕೊನೆಯ ಮಾತ್ರೆ ಎಷ್ಟು ಗಂಟೆಗೆ ಕೊಟ್ಟಿರೆಂದು ವಿಡಿಯೊದಲ್ಲೇ ಬಾಯಲ್ಲಿ ಹೇಳಿ, ಡಾಕ್ಟರು ಮೊದಲು ಕೇಳುವುದು ಅದನ್ನೇ.